ಜಾಲಿ ತೆಗೆಯುವ ಗರಗಸ: ಖರೀದಿಗೆ ಮುನ್ನ ಒಂದು ಲೆಕ್ಕ

ಕಳೆದ ಮಾರ್ಚ್ ತಿಂಗಳ ಕೊನೆಯ ವಾರ ವರ್ಷದ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ, ಬನಹಟ್ಟಿಯ ನೂಲು ವ್ಯಾಪಾರಿ ಮಿತ್ರರೊಬ್ಬರ ಕಡತದಲ್ಲಿ ಒಂದು ಬಿಲ್ಲು ನನ್ನ ಗಮನ ಸೆಳೆಯಿತು. ‘ಚೈನ್‌ಸಾ, 58 ಸಿಸಿ, 22 ಇಂಚು, ನಗ 1’ ಎಂದು ಅದರಲ್ಲಿ ಬರೆದಿತ್ತು. ಅವರ ಗುಮಾಸ್ತರು ಅದನ್ನು ‘ಅಂಗಡಿ ಖರ್ಚು’ ಎಂಬ ಖಾತೆಗೆ ಸೇರಿಸಿದ್ದರು. ನೂಲಿನ ಅಂಗಡಿಗೆ ಮರ ಕೊಯ್ಯುವ ಯಂತ್ರವೇಕೆ ಎಂದು ದೂರವಾಣಿಯಲ್ಲಿ ವಿಚಾರಿಸಿದೆ. ಹುನ್ನೂರಿನ ಹತ್ತಿರ ಗೋದಾಮಿಗೆಂದು ಅವರು 4 ಎಕರೆ ಜಮೀನು ಖರೀದಿಸಿದ್ದರು. ಅನೇಕ ವರ್ಷ ಬೀಳು ಬಿದ್ದಿದ್ದ ಆ ಜಮೀನಿನಲ್ಲಿ ಆಳೆತ್ತರ ಜಾಲಿ ಬೆಳೆದಿತ್ತು. ಅದನ್ನು ಕಡಿಸಲು ಮೇ ತಿಂಗಳಲ್ಲಿ ಯಂತ್ರ ತಂದಿದ್ದರು. ಈಗ ಯಂತ್ರ ಹೇಗಿದೆ ಎಂದು ಕೇಳಿದಾಗ ಅವರು ನಗುತ್ತ ಹೇಳಿದ ಮಾತು ಇದು: “ಮಷೀನು ಅಟ್ಟದ ಮ್ಯಾಲೈತ್ರಿ, ಜಾಲಿ ಹೊಲದಾಗ ಐತ್ರಿ.”

ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ತೆರಿಗೆ ಮತ್ತು ಲೆಕ್ಕಪತ್ರದ ವಿಷಯಗಳನ್ನೇ ಬರೆಯುತ್ತ ಬಂದವನು. ಗರಗಸದ ಬಗೆಗೆ ಲೆಕ್ಕಪರಿಶೋಧಕನಿಗೇನು ತಿಳಿದೀತು ಎಂದು ಸದಸ್ಯರು ಹುಬ್ಬೇರಿಸಬಹುದು. ಆದರೆ ಇಂತಹ ಬಿಲ್ಲುಗಳು ಕೆಲವು ವರ್ಷಗಳಿಂದ ನಮ್ಮ ಕಚೇರಿಗೆ ಮೇಲಿಂದ ಮೇಲೆ ಬರುತ್ತಿವೆ. 2020ರ ಭೂಸುಧಾರಣಾ ತಿದ್ದುಪಡಿಯು 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದ ವ್ಯಾಪಾರಿಗಳೂ ಹೊಲ ಕೊಳ್ಳಲು ದಾರಿಯಾಯಿತು. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಅನೇಕ ಸದಸ್ಯರು ಗೋದಾಮು, ಮಗ್ಗದ ಶೆಡ್ಡು, ಬೆಲ್ಲದ ಗಾಣ ಮುಂತಾದವುಗಳಿಗಾಗಿ ಊರ ಹೊರಗೆ ಜಮೀನು ಮಾಡಿಕೊಂಡಿದ್ದಾರೆ. ಅಗ್ಗಕ್ಕೆ ದೊರೆಯುವುದು ಬಹುಮಟ್ಟಿಗೆ ಬೀಳು ಭೂಮಿ. ಬೀಳು ಭೂಮಿಯೆಂದರೆ ಬಳ್ಳಾರಿ ಜಾಲಿ. ಆದ್ದರಿಂದ ಮಿತ್ರರ ಅಟ್ಟದ ಮೇಲಿನ ಯಂತ್ರದ ಕಥೆಯನ್ನು ಬಿಡಿಸಿ ನೋಡುವುದು ಉಪಯುಕ್ತವೆನಿಸಿತು. ಯಂತ್ರಜ್ಞಾನದ ಮಾತುಗಳನ್ನು ದುರಸ್ತಿಗಾರರಿಂದಲೂ, ಮರ ಕೊಯ್ಯುವವರಿಂದಲೂ, ತಯಾರಕರ ಕೈಪಿಡಿಗಳಿಂದಲೂ ತಿಳಿದುಕೊಂಡಿದ್ದೇನೆ. ಲೆಕ್ಕ ಮಾತ್ರ ನನ್ನದು.

ಮೊದಲು ಜಾಲಿಯನ್ನು ಅರಿಯಬೇಕು

ಬಳ್ಳಾರಿ ಜಾಲಿ ನಮ್ಮ ನೆಲದ ಗಿಡವಲ್ಲ. ಇದರ ಶಾಸ್ತ್ರೀಯ ಹೆಸರು ಪ್ರೊಸೊಪಿಸ್ ಜೂಲಿಫ್ಲೋರಾ. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಕೆರಿಬಿಯನ್ ದ್ವೀಪಗಳು ಇದರ ತವರು. 19ನೆಯ ಶತಮಾನದ ಉತ್ತರಾರ್ಧದಲ್ಲಿ, ಒಣ ಪ್ರದೇಶಗಳಿಗೆ ಉರುವಲು ಒದಗಲೆಂದು ಬ್ರಿಟಿಷ್ ಅರಣ್ಯಾಧಿಕಾರಿಗಳು ಇದರ ಬೀಜವನ್ನು ಭಾರತಕ್ಕೆ ತರಿಸಿದರು. ಉರುವಲಿನ ಉದ್ದೇಶ ಈಡೇರಿತು, ಆದರೆ ಗಿಡ ಹಾಕಿದಲ್ಲಿ ನಿಲ್ಲಲಿಲ್ಲ. ಇದರ ಸಿಹಿಯಾದ ಕಾಯಿಗಳನ್ನು ಆಡು, ಕುರಿ, ದನಗಳು ತಿನ್ನುತ್ತವೆ. ಅರಗದ ಬೀಜ ಸಗಣಿ ಹಿಕ್ಕೆಗಳೊಡನೆ ಹೊಸ ಹೊಲ ಸೇರಿ ಮೊಳೆಯುತ್ತದೆ. ಆದ್ದರಿಂದ ಕಾಯಿ ಬಲಿಯುವ ಮೊದಲೇ ಕಡಿಸುವುದು ಲೇಸು. ಕಾಯಿಬಿದ್ದ ಮೇಲೆ ಕಡಿಸಿದರೆ ಮುಂದಿನ ಐದಾರು ವರ್ಷದ ಸಸಿಗಳನ್ನು ನಾವೇ ಬಿತ್ತಿದಂತಾಗುತ್ತದೆ.

ಗರಗಸ ಕೊಳ್ಳುವವರು ತಿಳಿಯಲೇಬೇಕಾದ ಗುಣ ಇನ್ನೊಂದಿದೆ. ಈ ಗಿಡವನ್ನು ನೆಲಮಟ್ಟದಲ್ಲಿ ಎಷ್ಟೇ ನುಣ್ಣಗೆ ಕೊಯ್ದರೂ ಅದು ಸಾಯುವುದಿಲ್ಲ. ಬೊಡ್ಡೆ ಮತ್ತು ಬೇರು ಕೂಡುವ ಗಂಟಿನಲ್ಲಿ ಮಲಗಿರುವ ಮೊಗ್ಗುಗಳು ಮಳೆ ಬಿದ್ದ ಕೂಡಲೇ ಚಿಗುರುತ್ತವೆ. ಮೊದಲು ಒಂದು ಕಾಂಡವಿದ್ದಲ್ಲಿ ಆರು ಏಳು ಕಾಂಡಗಳು ಏಳುತ್ತವೆ. ನಮ್ಮ ಮಿತ್ರರ ಜಮೀನಿನಲ್ಲಿ ಆದದ್ದೂ ಇದೇ. ಮೇ ತಿಂಗಳಲ್ಲಿ ಬೋಳಾಗಿ ಕಂಡ ನೆಲ ದೀಪಾವಳಿಯ ಹೊತ್ತಿಗೆ ಸೊಂಟದೆತ್ತರ ಹಸಿರಾಗಿತ್ತು, ಮುಳ್ಳು ಮೊದಲಿಗಿಂತ ಹೆಚ್ಚು ದಟ್ಟವಾಗಿತ್ತು. ಜಾಲಿ ನಿಜವಾಗಿ ಹೋಗಬೇಕಾದರೆ ಬೇರಿನ ಗಂಟನ್ನು ನೆಲದಿಂದ ಸುಮಾರು ಒಂದು ಅಡಿ ಆಳದವರೆಗೆ ಅಗೆದು ತೆಗೆಯಬೇಕು. ಅದು ಗರಗಸದ ಕೆಲಸವಲ್ಲ. ಕೆಲವೇ ಗಿಡಗಳಿದ್ದರೆ ಹಾರಿ, ಗುದ್ದಲಿ, ಕೊಡಲಿ ಸಾಕು. ಎಕರೆಗಟ್ಟಲೆ ಇದ್ದರೆ ಜೆಸಿಬಿಯೇ ಬೇಕು.

ಹೀಗಾಗಿ, ಜಾಲಿ ತುಂಬಿದ ಜಮೀನನ್ನು ಮೊದಲ ಬಾರಿ ಸ್ವಚ್ಛಗೊಳಿಸುವುದಕ್ಕಾಗಿಯೇ ಚೈನ್‌ಸಾ ಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲ ಕೆಲಸವನ್ನು ಬಾಡಿಗೆಯ ಜೆಸಿಬಿಯಿಂದ ಮಾಡಿಸಬೇಕು. ಮಳೆಗಾಲ ಮುಗಿದು ಎರೆಭೂಮಿ ಕಾಲು ಹೂಳದಷ್ಟು ಆರಿರುವ, ಆದರೆ ಇನ್ನೂ ಬಿರುಕು ಬಿಟ್ಟು ಗಟ್ಟಿಯಾಗದ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಬೇರು ಸುಲಭವಾಗಿ ಕೀಳುತ್ತದೆ. ಬೇಸಿಗೆಯಲ್ಲಿ ಅದೇ ಕೆಲಸಕ್ಕೆ ಗಂಟೆಗಳು ಹೆಚ್ಚು ಬೀಳುತ್ತವೆ, ಬಾಡಿಗೆಯೂ ಹೆಚ್ಚುತ್ತದೆ.

ಹಾಗಾದರೆ ಗರಗಸ ಯಾವುದಕ್ಕೆ? ಕಿತ್ತು ಒಟ್ಟಿದ ಗಿಡಗಳನ್ನು ಉರುವಲಿನ ಅಳತೆಗೆ ತುಂಡರಿಸಲು ಅದು ಬೇಕು. ಬದುವಿನ ಮೇಲೆ ಉಳಿಸಿಕೊಂಡ ಬೇವು, ಹುಣಸೆಗಳ ಒಣ ಟೊಂಗೆ ತೆಗೆಯಲು, ಗಾಳಿಗೆ ಬಿದ್ದ ಗಿಡವನ್ನು ದಾರಿಯಿಂದ ಸರಿಸಲು, ಶೆಡ್ಡಿನ ತಗಡಿನ ಮೇಲೆ ಬಾಗಿದ ಕೊಂಬೆ ಕೊಯ್ಯಲು ಬೇಕು. ಜೆಸಿಬಿ ತಲುಪದ ಬಾವಿಯ ಅಂಚು, ಕಾಲುವೆಯ ಬದಿ, ಕಂಪೌಂಡಿನ ಬುಡಗಳಲ್ಲಿ ಬೆಳೆದದ್ದನ್ನು ತೆಗೆಯಲೂ ಬೇಕು. ಇವೆಲ್ಲ ವರ್ಷವರ್ಷವೂ ಬರುವ ಕೆಲಸಗಳು, ಆದರೆ ಸಣ್ಣ ಕೆಲಸಗಳು. ಯಂತ್ರವನ್ನು ಈ ಸಣ್ಣ ಕೆಲಸಗಳ ಅಳತೆಗೆ ಆರಿಸಬೇಕೇ ಹೊರತು ಮೊದಲ ದಿನ ಕಣ್ಣಿಗೆ ಬಿದ್ದ ಕಾಡಿನ ಅಳತೆಗೆ ಅಲ್ಲ.

ಎಂಜಿನು, ಬಾರು, ಸರಪಳಿ

ಚೈನ್‌ಸಾದಲ್ಲಿ ಮೂರು ಭಾಗಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಶಕ್ತಿ ಕೊಡುವ ಎಂಜಿನು, ಸರಪಳಿ ಓಡುವ ಚಪ್ಪಟೆಯಾದ ಬಾರು ಮತ್ತು ಮರವನ್ನು ಕೊಯ್ಯುವ ಸರಪಳಿ. ಅಂಗಡಿಯಲ್ಲಿ ಮೊದಲನೆಯದರ ಬಗೆಗೆ ಮಾತು ಬಹಳ, ಮೂರನೆಯದರ ಬಗೆಗೆ ಮಾತೇ ಇಲ್ಲ. ನಷ್ಟವಾಗುವುದು ಮೂರನೆಯದರಲ್ಲಿ.

ಬಾರಿನ ಉದ್ದಕ್ಕೆ ಸರಳ ಸೂತ್ರವೆಂದರೆ ಕೊಯ್ಯಬೇಕಾದ ಕಾಂಡದ ದಪ್ಪಕ್ಕಿಂತ ಎರಡು ಇಂಚು ಹೆಚ್ಚು. ನಮ್ಮ ಭಾಗದ ಜಾಲಿ ಕಾಂಡಗಳು ಬಹುತೇಕ 4ರಿಂದ 8 ಇಂಚಿನವು. 14 ಇಂಚಿನ ಬಾರು ಅವಕ್ಕೆ ಧಾರಾಳವಾಯಿತು, 16 ಇಂಚಿನದಿದ್ದರೆ ದಪ್ಪನೆಯ ಕೊಂಬೆಗಳಿಗೂ ಸಾಕು. ಅದಕ್ಕೆ 30ರಿಂದ 40 ಸಿಸಿ ಎಂಜಿನು ಹೊಂದುತ್ತದೆ. ಹಳೆಯ ಹುಣಸೆ, ಮಾವಿನ ಬೊಡ್ಡೆಗಳನ್ನು ಕೊಯ್ಯಲು 18ರಿಂದ 20 ಇಂಚಿನ ಬಾರು, 50 ಸಿಸಿಗೆ ಮೇಲ್ಪಟ್ಟ ಎಂಜಿನು ಬೇಕಾಗುವುದು ನಿಜ. ಆದರೆ ಅಂತಹ ಬೊಡ್ಡೆ ಐದು ವರ್ಷಕ್ಕೊಂದು ಬಂದರೆ ಆ ದಿನ ಯಂತ್ರಸಮೇತ ಕೊಯ್ಯುವವನನ್ನು ಕರೆಸುವುದೇ ಅಗ್ಗ.

ಸಿಸಿ ಎಂಬುದು ಎಂಜಿನಿನ ಸಿಲಿಂಡರಿನ ಗಾತ್ರ, ಶಕ್ತಿಯಲ್ಲ. ಶಕ್ತಿಯನ್ನು ಕಿಲೋವ್ಯಾಟ್‌ಗಳಲ್ಲಿ ನಮೂದಿಸುತ್ತಾರೆ. ಉತ್ತಮ ದರ್ಜೆಯ 32 ಸಿಸಿ ಯಂತ್ರ ಸುಮಾರು 1.4ರಿಂದ 1.5 ಕಿಲೋವ್ಯಾಟ್ ಕೊಡುತ್ತದೆ, ಬಾರು ಮತ್ತು ಇಂಧನವಿಲ್ಲದೆ ನಾಲ್ಕು ಕಿಲೋದ ಆಸುಪಾಸು ತೂಗುತ್ತದೆ. ಡಬ್ಬಿಯ ಮೇಲೆ ಸಿಸಿಯನ್ನು ದೊಡ್ಡಕ್ಷರದಲ್ಲಿ ಬರೆದು ಕಿಲೋವ್ಯಾಟ್ ಬರೆಯದ ಯಂತ್ರವನ್ನು ನಾನಾದರೆ ಕೊಳ್ಳುವುದಿಲ್ಲ. ತೂಕವನ್ನಂತೂ ಕೈಯಲ್ಲಿ ಹಿಡಿದೇ ನೋಡಬೇಕು. ಅಂಗಡಿಯಲ್ಲಿ ಎರಡು ನಿಮಿಷ ಹಗುರೆನಿಸಿದ್ದು ಹೊಲದಲ್ಲಿ ಎರಡು ಗಂಟೆಯ ನಂತರ ಬೇರೆಯೇ ಆಗಿರುತ್ತದೆ. ದಣಿದ ಕೈ ಗರಗಸವನ್ನು ನೆಲಕ್ಕೆ ಮುಟ್ಟಿಸುತ್ತದೆ.

ನೆಲಕ್ಕೆ ಮುಟ್ಟಿದ ಸರಪಳಿ ಕೆಲವೇ ಕ್ಷಣಗಳಲ್ಲಿ ಮೊಂಡಾಗುತ್ತದೆ. ಇಂದಿನ ಸರಪಳಿಯ ಹಲ್ಲಿನ ರೂಪವನ್ನು ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು 1946ರ ಸುಮಾರಿಗೆ ಕಂಡುಕೊಂಡನು. ಮರ ಕೊರೆಯುವ ಹುಳು ತನ್ನ ದವಡೆಯನ್ನು ಎಡಬಲಕ್ಕೆ ಆಡಿಸುತ್ತ ಸಾಗುವುದನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತಂತೆ. ಎಡಕ್ಕೊಂದು ಬಲಕ್ಕೊಂದು ಬಾಗಿದ ಆ ಹಲ್ಲುಗಳ ಮೂಲೆಯೇ ಮರವನ್ನು ಕೊಯ್ಯುವುದು. ಮೂಲೆ ಚೂಪಾದ ಸರಪಳಿ ಸ್ವಚ್ಛವಾದ ಮರದಲ್ಲಿ ವೇಗವಾಗಿ ಹೋಗುತ್ತದೆ, ಧೂಳು ತಗಲಿದರೆ ಬೇಗ ಸೋಲುತ್ತದೆ. ಮೂಲೆ ದುಂಡಾದ, ‘ಸೆಮಿ ಚಿಸೆಲ್’ ಎಂದು ಕರೆಯುವ ಸರಪಳಿ ತುಸು ನಿಧಾನ, ಆದರೆ ಧೂಳಿನಲ್ಲಿ ಹೆಚ್ಚು ಕಾಲ ಬಾಳುತ್ತದೆ. ಜಾಲಿ ಗಟ್ಟಿ ಮರ. ನಮ್ಮ ರಸ್ತೆಯ ಬದಿಯ ಜಾಲಿಯ ಒಡಕು ತೊಗಟೆಯಲ್ಲಿ ಮಣ್ಣು ತುಂಬಿರುತ್ತದೆ. ಆದ್ದರಿಂದ ಕೊಳ್ಳುವಾಗ ಸೆಮಿ ಚಿಸೆಲ್ ಸರಪಳಿಯನ್ನೇ ಕೇಳಿ ಪಡೆಯಬೇಕು. ಹರಿತವಾದ ಸರಪಳಿ ಮರದಿಂದ ಚಕ್ಕೆಗಳನ್ನು ಎಬ್ಬಿಸುತ್ತದೆ, ಮೊಂಡಾದದ್ದು ಹಿಟ್ಟಿನಂತಹ ಪುಡಿ ಉದುರಿಸುತ್ತದೆ. ಪುಡಿ ಕಂಡ ಕೂಡಲೇ ನಿಲ್ಲಿಸಿ ಸಾಣೆ ಹಿಡಿಯಬೇಕು. ಒತ್ತಿ ಕೊಯ್ದರೆ ಬಾರು ಕಾದು ಸವೆಯುತ್ತದೆ, ಎಂಜಿನು ಬಳಲುತ್ತದೆ. ನಮ್ಮ ಮಿತ್ರರ ಯಂತ್ರ ಎರಡನೆಯ ದಿನವೇ ಅಟ್ಟ ಸೇರಲು ಇದೇ ಕಾರಣ. ಕೆಲಸಗಾರರು ನೆಲಮಟ್ಟದಲ್ಲಿ ಕೊಯ್ಯುವ ಆತುರದಲ್ಲಿ ಸರಪಳಿಯನ್ನು ಮಣ್ಣಿಗೆ ಇಳಿಸಿದ್ದರು.

ಸಾಣೆಗೆ ದುಂಡನೆಯ ಅರ, ನಮ್ಮ ಕಡೆಯ ಮಾತಿನಲ್ಲಿ ಕಾನಸು, ಸಾಕು. ಆದರೆ ಅಳತೆ ಹೊಂದಬೇಕು. ಸಣ್ಣ ಯಂತ್ರಗಳ ಕಿರು ಸರಪಳಿಗೆ ಸಾಮಾನ್ಯವಾಗಿ 4 ಮಿಲಿಮೀಟರ್ ಅರ, ಮಧ್ಯಮ ಯಂತ್ರಗಳ .325 ಇಂಚಿನ ಸರಪಳಿಗೆ 4.8 ಮಿಲಿಮೀಟರ್ ಅರ ಬೇಕು. ಯಂತ್ರದ ಜೊತೆಗೆ ಎರಡು ಹೆಚ್ಚುವರಿ ಸರಪಳಿಗಳನ್ನೂ ಹೊಂದುವ ಅರವನ್ನೂ ಅದೇ ದಿನ, ಅದೇ ಅಂಗಡಿಯಲ್ಲಿ ತೆಗೆದುಕೊಳ್ಳಬೇಕು. ಅಂಗಡಿಯವರು ಆ ಸರಪಳಿ ತರಿಸಿಕೊಡಲು ತಡವರಿಸಿದರೆ ಯಂತ್ರವನ್ನೂ ಅಲ್ಲಿಯೇ ಬಿಟ್ಟು ಬರಬಹುದು. ಯಾವ ಕಂಪನಿ ಉತ್ತಮ ಎಂದು ಅನೇಕರು ಕೇಳುತ್ತಾರೆ. ಜಮಖಂಡಿ, ವಿಜಯಪುರ ಅಥವಾ ಬೆಳಗಾವಿಯಲ್ಲಿ ಯಾರ ಬಿಡಿಭಾಗ ಒಂದು ದಿನದಲ್ಲಿ ದೊರೆಯುತ್ತದೆಯೋ ಆ ಕಂಪನಿ ಉತ್ತಮ ಎಂಬುದೇ ನನ್ನ ಉತ್ತರ.

ಕೋಲು ಗರಗಸ

ಪೋಲ್ ಸಾ ಅಥವಾ ಕೋಲು ಗರಗಸವೆಂದರೆ ಉದ್ದನೆಯ ಕೊಳವೆಯ ತುದಿಯಲ್ಲಿ 10 ಅಥವಾ 12 ಇಂಚಿನ ಸಣ್ಣ ಬಾರು ಇರುವ ಯಂತ್ರ. ನೆಲದ ಮೇಲೆ ನಿಂತು ಎತ್ತರದ ಕೊಂಬೆ ಕೊಯ್ಯಲು ಇದು ಬಂದಿದೆ. ಏಣಿಯ ಮೇಲೆ ನಿಂತು ಚೈನ್‌ಸಾ ಹಿಡಿಯುವುದು ಎಂದಿಗೂ ಸಲ್ಲದು. ಭುಜದ ಎತ್ತರಕ್ಕಿಂತ ಮೇಲೆ ಚೈನ್‌ಸಾ ಎತ್ತಬಾರದೆಂದು ತಯಾರಕರೆಲ್ಲರೂ ಕೈಪಿಡಿಗಳಲ್ಲಿ ಎಚ್ಚರಿಸುತ್ತಾರೆ. ಆ ಎತ್ತರದ ಕೆಲಸಕ್ಕೆ ಕೋಲು ಗರಗಸವೇ ತಕ್ಕದ್ದು. ಮುಳ್ಳು ಜಾಲಿಯಲ್ಲಿ ಇನ್ನೊಂದು ಅನುಕೂಲವಿದೆ. ಗಿಡದ ಒಳಗೆ ನುಗ್ಗದೆ ದೂರದಿಂದಲೇ ಹೊರ ಕೊಂಬೆಗಳನ್ನು ತೆಗೆದು ಬೊಡ್ಡೆಗೆ ದಾರಿ ಮಾಡಿಕೊಳ್ಳಬಹುದು. ಜೆಸಿಬಿ ಕೆಲಸ ಮುಗಿದ ಮೇಲೆ ಒಂದೇ ಯಂತ್ರ ಕೊಳ್ಳುವುದಾದರೆ ಯಾವುದು ಎಂದು ಕೇಳಿದರೆ, ಗೋದಾಮು ಮತ್ತು ಶೆಡ್ಡುಗಳ ಮಾಲೀಕರಿಗೆ ನಾನು ಕೋಲು ಗರಗಸವನ್ನೇ ಹೇಳುತ್ತೇನೆ. ತಗಡಿನ ಮೇಲೆ ಬಾಗುವ ಕೊಂಬೆ ವರ್ಷಕ್ಕೆರಡು ಸಲ ಬರುತ್ತದೆ, ಕೊಯ್ಯಬೇಕಾದ ಬೊಡ್ಡೆ ಅಪರೂಪ.

ಇದನ್ನು ಹಿಡಿದವನು ಕೊಂಬೆಯ ನೇರ ಕೆಳಗೆ ನಿಲ್ಲಬಾರದು. ಕೋಲನ್ನು ನೆಲಕ್ಕೆ 60 ಡಿಗ್ರಿಗಿಂತ ಹೆಚ್ಚು ಕಡಿದಾಗಿ ಎತ್ತಬಾರದು. ದಪ್ಪ ಕೊಂಬೆಯನ್ನು ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಕೊಯ್ದರೆ ತೊಗಟೆ ಸೀಳುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ವಿದ್ಯುತ್ ತಂತಿಯದು. ಕೋಲು ಲೋಹದ್ದು, ಅದಕ್ಕೆ ವಿದ್ಯುತ್ತಿನಿಂದ ರಕ್ಷಣೆ ಇಲ್ಲ. ತಂತಿಯಿಂದ 15 ಮೀಟರಿನೊಳಗೆ ಕೆಲಸ ಮಾಡಬಾರದೆಂದು ಕೈಪಿಡಿಗಳು ಹೇಳುತ್ತವೆ. ನಮ್ಮ ಹೊಲಗಳಲ್ಲಿ ಪಂಪಸೆಟ್ಟಿನ ತಂತಿ ಜಾಲಿಯ ನಡುವೆಯೇ ಹಾಯ್ದಿರುತ್ತದೆ. ಅಂತಹ ಕಡೆ ಹೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಟ್ಟು, ಲೈನ್‌ಮನ್ ಬಂದು ತಂತಿಯ ವಿದ್ಯುತ್ ತೆಗೆದ ಮೇಲೆಯೇ ಕೈ ಹಾಕಬೇಕು. “ಈಗ ತ್ರೀ ಫೇಸ್ ಇಲ್ಲ” ಎಂಬ ಭರವಸೆಯ ಮೇಲೆ ಕೆಲಸ ಹಚ್ಚಬಾರದು. ಸಿಂಗಲ್ ಫೇಸ್ ಇದ್ದೇ ಇರಬಹುದು.

ಬ್ಯಾಟರಿಯ ಯಂತ್ರಗಳು ಈಗ ಎರಡೂ ಬಗೆಯಲ್ಲಿ ದೊರೆಯುತ್ತವೆ. ದಿನಕ್ಕೆ ಅರ್ಧ ಗಂಟೆಯ ಕೊಂಬೆ ಕೆಲಸಕ್ಕೆ ಅವು ಅನುಕೂಲ. ಹೊಲದಲ್ಲಿ ದಿನವಿಡೀ ಕೆಲಸಕ್ಕೆ ಇನ್ನೊಂದು ಬ್ಯಾಟರಿ ಬೇಕು, ಅದರ ಬೆಲೆ ಯಂತ್ರದ ಬೆಲೆಯನ್ನು ಹಿಂದೆ ಹಾಕಬಹುದು. ಪೆಟ್ರೋಲ್ ಯಂತ್ರವಾದರೆ ಟೂ ಸ್ಟ್ರೋಕ್ ಎಣ್ಣೆಯನ್ನು ತಯಾರಕರು ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದರೆ 40. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದರಲ್ಲಿ ನಮ್ಮ ಸಕ್ಕರೆ ಕಾರ್ಖಾನೆಗಳ ಪಾಲೂ ಉಂಟೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬ್ಯುರೇಟರ್ ಕೆಡುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಉಳಿದದ್ದು ಸುಟ್ಟು ತಾನಾಗಿ ನಿಲ್ಲುವವರೆಗೆ ಎಂಜಿನು ಓಡಿಸಿ ಇಡುವುದು ಒಳ್ಳೆಯದು.

ಗರಗಸ ಹಿಡಿಯುವವರು ಯಾರು?

ಯಂತ್ರ ಕೊಳ್ಳುವವರು ನಾವು, ಹಿಡಿಯುವವನು ಬಹುತೇಕ ದಿನಗೂಲಿಯವನು. ಅವನಿಗೆ ಕೊಡಲಿಯ ಅನುಭವವಿರುತ್ತದೆ, ಇದರದು ಇರುವುದಿಲ್ಲ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಗಲಿದರೆ ಯಂತ್ರ ಒಮ್ಮೆಲೇ ಮೇಲಕ್ಕೆ, ಹಿಡಿದವನ ಮುಖದ ಕಡೆಗೆ ಹಾರುತ್ತದೆ. ಇದನ್ನು ಕಿಕ್‌ಬ್ಯಾಕ್ ಎನ್ನುತ್ತಾರೆ. ಹಲವು ಕಾಂಡಗಳು ಒತ್ತಾಗಿ ಬೆಳೆಯುವ ಜಾಲಿಯಲ್ಲಿ ಬಾರಿನ ತುದಿ ಹಿಂದಿನ ಕಾಂಡಕ್ಕೆ ಕಾಣದೆ ತಗಲುವುದು ಸುಲಭ. ಉದ್ದ ಬಾರು ಬೇಡವೆನ್ನಲು ಇದು ಇನ್ನೊಂದು ಕಾರಣ. ಯಂತ್ರದ ಮುಂದಿನ ರಕ್ಷಾಫಲಕವನ್ನು ತಳ್ಳಿದರೆ ಸರಪಳಿ ತಟ್ಟನೆ ನಿಲ್ಲಬೇಕು. ಈ ಚೈನ್ ಬ್ರೇಕನ್ನು ಅಂಗಡಿಯಲ್ಲೇ ಓಡಿಸಿ ಪರೀಕ್ಷಿಸಬೇಕು. ಬಾಗಿ ಬಿಗಿದ ಕೊಂಬೆಗಳು ಕೊಯ್ದ ಕ್ಷಣ ಬಿಲ್ಲಿನಂತೆ ಚಿಮ್ಮುತ್ತವೆ, ಜಾಲಿಯಾದರೆ ಮುಳ್ಳಿನೊಡನೆ ಚಿಮ್ಮುತ್ತವೆ. ಆದ್ದರಿಂದ ಜಾಲರಿಯ ಮುಖಕವಚವಿರುವ ಶಿರಸ್ತ್ರಾಣ, ಕನ್ನಡಕ, ಕಿವಿಮುಚ್ಚಿಗೆ, ಚರ್ಮದ ಕೈಗವಸು, ಗಟ್ಟಿ ಬೂಟು ಮತ್ತು ಸರಪಳಿ ತಗಲಿದರೆ ನಾರಿನಲ್ಲಿ ಸಿಕ್ಕಿ ನಿಲ್ಲುವಂತಹ ಕಾಲುಕವಚ ಇವೆಲ್ಲ ಬೇಕು.

ನನಗೆ ಪರಿಚಯದ ಸಣ್ಣ ಉದ್ಯಮಿಯೊಬ್ಬರು ಯಂತ್ರಕ್ಕೆ ಹಣ ತೆತ್ತು ಕಾಲುಕವಚವನ್ನು ದುಬಾರಿಯೆಂದು ಬಿಟ್ಟರು. ಲುಂಗಿ ಸುತ್ತಿದ್ದ ಆಳಿನ ಮೊಣಕಾಲಿನ ಮೇಲೆ ಸರಪಳಿ ಹಾಯಿತು. ಕಾಲು ಉಳಿಯಿತು, ಆದರೆ ಆ ಮನುಷ್ಯ ಇಂದಿಗೂ ಕುಂಟುತ್ತಾನೆ. ಅವನ ಹೆಂಡತಿ ಕಚೇರಿಗೆ ಬಂದು ಕುಳಿತ ದಿನ ನಾನೂ ಅಲ್ಲಿದ್ದೆ. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಕೆಲಸ ಕೊಟ್ಟವನದು. ಆ ಪರಿಹಾರದ ಮೊತ್ತವನ್ನು ಖರ್ಚಿನ ಖಾತೆಗೆ ಬರೆದವನು ನಾನೇ. ಆ ಒಂದು ಸಾಲನ್ನು ಬರೆಯುವಾಗ ನನಗೆ ಹಿತವೆನಿಸಲಿಲ್ಲ.

ಗಂಟೆಯ ಲೆಕ್ಕ

ಈಗ ಅಂಕಿಗಳಿಗೆ ಬರೋಣ. ಕೆಳಗಿನವು ಲೆಕ್ಕದ ಕ್ರಮ ತೋರಿಸಲು ಹಿಡಿದ ಊಹೆಯ ಅಂಕಿಗಳು, ಸದಸ್ಯರು ತಮ್ಮೂರಿನ ದರಗಳನ್ನು ಹಾಕಿ ನೋಡಬೇಕು. ಯಂತ್ರದ ಬೆಲೆ 20,000 ರೂಪಾಯಿ, ರಕ್ಷಣಾ ಉಡುಪು 8,000 ರೂಪಾಯಿ, ಐದು ವರ್ಷಗಳ ನಂತರ ಯಂತ್ರ ಮಾರಿದರೆ ಬರುವುದು 4,000 ರೂಪಾಯಿ ಎಂದುಕೊಳ್ಳೋಣ. ನಿವ್ವಳ ಬಂಡವಾಳ ವೆಚ್ಚ 24,000 ರೂಪಾಯಿ. ವರ್ಷಕ್ಕೆ 40 ಗಂಟೆಯಂತೆ ಐದು ವರ್ಷದಲ್ಲಿ 200 ಗಂಟೆ ಓಡಿದರೆ ಗಂಟೆಗೆ 120 ರೂಪಾಯಿ. ಪೆಟ್ರೋಲು, ಎಂಜಿನ್ ಎಣ್ಣೆ, ಸರಪಳಿ ಎಣ್ಣೆ ಸೇರಿ ಗಂಟೆಗೆ 150. ನಾಲ್ಕು ಸರಪಳಿ, ಒಂದು ಬಾರು, ಅರಗಳು ಮತ್ತು ವರ್ಷಕ್ಕೊಂದು ಸರ್ವಿಸ್ ಎಂದು ಒಟ್ಟು 11,800 ರೂಪಾಯಿ ಹಿಡಿದರೆ ಗಂಟೆಗೆ 59. ದಿನಕ್ಕೆ ಯಂತ್ರ ನಿಜವಾಗಿ ಕೊಯ್ಯುವುದು ನಾಲ್ಕು ಗಂಟೆ ಮಾತ್ರ, ಉಳಿದದ್ದು ಎಳೆಯುವುದು, ಒಟ್ಟುವುದು. ಕೊಯ್ಯುವವನಿಗೆ 1,200, ಸಹಾಯಕನಿಗೆ 600 ಕೂಲಿಯಾದರೆ ಗಂಟೆಗೆ 450. ಎಲ್ಲ ಸೇರಿ ಗಂಟೆಗೆ 779 ರೂಪಾಯಿ.

ಸ್ವಂತ ಯಂತ್ರ, ಸ್ವಂತ ಇಂಧನ ತರುವ ಕೊಯ್ಯುವವನು ದಿನಕ್ಕೆ 2,500 ಕೇಳುತ್ತಾನೆ, ಸಹಾಯಕನ 600 ನಮ್ಮದು ಎಂದಿಟ್ಟುಕೊಂಡರೆ ಗಂಟೆಗೆ 775. ಎರಡೂ ಬಹುತೇಕ ಸಮ. ಆದರೆ ವರ್ಷಕ್ಕೆ 10 ಗಂಟೆ ಮಾತ್ರ ಓಡುವ ಯಂತ್ರದ ಲೆಕ್ಕ ಹೀಗಾಗುತ್ತದೆ: ಬಂಡವಾಳ 480, ಇಂಧನ 150, ಸರಪಳಿ ಮತ್ತು ಸರ್ವಿಸ್ 130, ಕೂಲಿ 450, ಒಟ್ಟು 1,210. ಈ ಅಂಕಿಗಳ ಪ್ರಕಾರ ವರ್ಷಕ್ಕೆ ಹತ್ತು ದಿನದ ಕೆಲಸವಿಲ್ಲದವರು ಚೈನ್‌ಸಾ ಕೊಳ್ಳುವುದರಲ್ಲಿ ಲಾಭವಿಲ್ಲ. ನಮ್ಮ ಮಿತ್ರರ ಯಂತ್ರ ಓಡಿದ್ದು ಎರಡು ದಿನ. ಇಷ್ಟಾಗಿಯೂ ಕೂಲಿಯೇ ಅತಿ ದೊಡ್ಡ ಬಾಬು ಎಂಬುದನ್ನು ಗಮನಿಸಬೇಕು. ಯಂತ್ರದ ಬೆಲೆಯಲ್ಲಿ ಐದು ಸಾವಿರ ಉಳಿಸಿದರೆ ಗಂಟೆಗೆ ಉಳಿಯುವುದು 25 ರೂಪಾಯಿ. ಮೊಂಡು ಸರಪಳಿಯಿಂದ ದಿನಕ್ಕೆ ಒಂದು ಗಂಟೆ ಹಾಳಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಹೋಗುತ್ತದೆ. ಸರ್ಕಾರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ಯಾವ ಯಂತ್ರಗಳಿವೆ ಎಂಬುದನ್ನೂ ವಿಚಾರಿಸಬಹುದು.

ತೆರಿಗೆ ಮತ್ತು ಪುಸ್ತಕ

ಚೈನ್‌ಸಾ ಮೇಲೆ ಜಿಎಸ್‌ಟಿ ಶೇ. 18. ವ್ಯಾಪಾರದ ಜಾಗದ ನಿರ್ವಹಣೆಗೆ ಬಳಸುವ ಯಂತ್ರವಾದರೆ, ನೋಂದಾಯಿತ ವ್ಯಾಪಾರಿ ತನ್ನ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲಿನ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೋಜಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಹೆಚ್ಚಿನ ತಪ್ಪು ನಡೆಯುವುದು ಬೇರೊಂದು ಕಡೆ. ಅಂಗಡಿಯ ಹೆಸರಿನಲ್ಲಿ ಬಿಲ್ಲು ಮಾಡಿಸಿ ಯಂತ್ರವನ್ನು ಮನೆಯ ಕಬ್ಬಿನ ಹೊಲಕ್ಕೆ ಕಳಿಸುವ ರೂಢಿ ಅನೇಕರಲ್ಲಿದೆ. ಹೊಲದ ಕೆಲಸ ವ್ಯಾಪಾರದ ಕೆಲಸವಲ್ಲ. ಆ ಜಮೆಯನ್ನು ಪಡೆದು ಬಳಸಿದ್ದರೆ ಶೇ. 18 ಬಡ್ಡಿಯೊಡನೆ ಹಿಂದಿರುಗಿಸಬೇಕಾಗುತ್ತದೆ. ಜಮೆ ಪಡೆದವರು ಆ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ.

ಯಂತ್ರ ಆಸ್ತಿಯೇ ಹೊರತು ಅಂಗಡಿ ಖರ್ಚಲ್ಲ. ಆದಾಯ ತೆರಿಗೆಯಲ್ಲಿ ಇದಕ್ಕೆ ಸಾಮಾನ್ಯ ಯಂತ್ರಗಳ ಶೇ. 15 ಸವಕಳಿ ಅನ್ವಯಿಸುತ್ತದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟು ಕೊಂಡರೆ ಆ ಮೊತ್ತ ಆಸ್ತಿಯ ಬೆಲೆಯಲ್ಲಿ ಸೇರುವುದೇ ಇಲ್ಲ, ಅಂದರೆ ಸವಕಳಿಯೂ ಇಲ್ಲ. ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಡಿ.

ಜೆಸಿಬಿ ಬಾಡಿಗೆ ಬೇರೆ ಬಗೆಯದು. ಹೊಸದಾಗಿ ಕೊಂಡ ಜಮೀನನ್ನು ಕಟ್ಟಡಕ್ಕೆ ಅಣಿಗೊಳಿಸುವ ಮೊದಲ ವೆಚ್ಚ ಜಮೀನಿನ ಬೆಲೆಗೆ ಸೇರುತ್ತದೆ. ಜಮೀನಿಗೆ ಸವಕಳಿ ಇಲ್ಲ, ಗೋದಾಮು ಕಟ್ಟಲು ಮಾಡಿದ ಇಂತಹ ಕೆಲಸದ ಜಿಎಸ್‌ಟಿಗೆ ಜಮೆಯೂ ಸಾಮಾನ್ಯವಾಗಿ ದೊರೆಯುವುದಿಲ್ಲ. ಕಟ್ಟಡವಾದ ನಂತರ ವರ್ಷವರ್ಷ ಆವರಣದ ಮುಳ್ಳುಕಂಟಿ ತೆಗೆಸುವ ಖರ್ಚು ಮಾತ್ರ ಆ ವರ್ಷದ ವ್ಯಾಪಾರದ ಖರ್ಚು. ಎರಡನ್ನೂ ಒಂದೇ ವೋಚರಿನಲ್ಲಿ ಕೂಡಿಸಬಾರದು. ಕಡಿದ ಜಾಲಿಯನ್ನು ಉರುವಲಾಗಿ ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಆದರೂ ಆ ಹಣ ಪುಸ್ತಕಕ್ಕೆ ಬರಬೇಕು, ಒಟ್ಟು ವಹಿವಾಟಿನ ಲೆಕ್ಕದಲ್ಲೂ ಸೇರಬೇಕು. “ಕಟಗಿ ಒಯ್ದ ಕೂಲಿಗೆ ಸರಿ ಮಾಡ್ಕೊಂಡ” ಎಂಬ ಬಾಯಿಮಾತಿನ ಲೆಕ್ಕವನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ.

ಕಡಿಯುವ ಮೊದಲು ಗಿಡಗಳನ್ನು ಎಣಿಸಿ ಗುರುತಿಸುವುದು ಅವಶ್ಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಬೇಡದ ಜಾತಿಗಳ ಪಟ್ಟಿಯಿದ್ದು, ಬಳ್ಳಾರಿ ಜಾಲಿ ಅದರಲ್ಲಿದೆ. ಪಟ್ಟಿಯಲ್ಲಿಲ್ಲದ ಗಿಡಗಳಿಗೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗಳ ಅನುಮತಿ ಪಡೆಯಬೇಕು. ಜಾಲಿಯ ಗುಂಪಿನ ನಡುವೆ ಬೇವು, ಕೆಲವೊಮ್ಮೆ ಶ್ರೀಗಂಧವೂ ಅಡಗಿರುತ್ತದೆ. ಅವಕ್ಕೆ ಸುಣ್ಣದ ಪಟ್ಟೆ ಬಳಿದು ಜೆಸಿಬಿ ಚಾಲಕನಿಗೆ ಮೊದಲೇ ತೋರಿಸಬೇಕು. ಬದುವಿನ ಗಿಡವಾದರೆ ಪಕ್ಕದ ಹೊಲದವರನ್ನೂ ಕೇಳಬೇಕು, ರಸ್ತೆಯ ಅಂಚಿನದನ್ನು ನಮ್ಮದೆಂದು ತಿಳಿಯಬಾರದು.

ನಮ್ಮ ಮಿತ್ರರು ಕಳೆದ ಡಿಸೆಂಬರಿನಲ್ಲೇ ಜೆಸಿಬಿ ತರಿಸಿ ಬೇರುಸಹಿತ ಕೀಳಿಸಲು ಮನಸ್ಸು ಮಾಡಿದ್ದರು, ಆದರೆ ನೂಲಿನ ಹಂಗಾಮಿನ ಗಡಿಬಿಡಿಯಲ್ಲಿ ಅದು ಉಳಿಯಿತು. ಈ ವರ್ಷದ ಮಳೆ ನಿಂತ ಮೇಲೆ ಮಾಡಿಸುವುದಾಗಿ ಹೇಳಿದ್ದಾರೆ. 22 ಇಂಚಿನ ಆ ಯಂತ್ರವನ್ನು ಮಹಾಲಿಂಗಪುರದ ಕಡೆಯ ಒಬ್ಬ ಕಟ್ಟಿಗೆ ಅಡ್ಡೆಯವರು ಅರ್ಧ ಬೆಲೆಗೆ ಕೇಳಿದ್ದಾರಂತೆ. ಕೊಡಿ, ಆದರೆ ಬಿಲ್ಲು ಮಾಡಿ ಕೊಡಿ ಎಂದು ಹೇಳಿದ್ದೇನೆ.